ಕೈ ಎತ್ತಿ ಸೋಲಿಸಿದ ಸರಿಯುತ್ತರ

"ಮಕ್ಕಳ ಮೇಲೆ ನಂಬಿಕೆಯಿಟ್ಟು ಸುಮ್ಮನೆ ನಿಂತವರು." ಮೊನ್ನೆ ತಿ. ನರಸೀಪುರದಲ್ಲಿ ನಮ್ಮ ಗಣಿತದ ಮೇಷ್ಟ್ರಿಗೆ ಶಾಲು ಹೊದಿಸಿದವರೆಲ್ಲ ಮೈಕಿನಲ್ಲಿ ಹೇಳಿದ್ದು ಇದನ್ನೇ. ಹೊಸ ಶಾಲಿನ ವಾಸನೆ ಮುಂದಿನ ಸಾಲಿನವರೆಗೂ ಬರುತ್ತಿತ್ತು. ಸುಮ್ಮನೆ ನಿಂತದ್ದು ನಿಜ. ನಂಬಿಕೆಯಿಂದಲೇ ನಿಂತರು ಎನ್ನುವುದಕ್ಕೆ ಸಾಕ್ಷಿ ಎಲ್ಲಿ? ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನು ನಾನು. ಹೊಗಳಿಕೆಗೂ ಪುರಾವೆ ಕೇಳುವ ಚಾಳಿ ಬಿಟ್ಟಿಲ್ಲ.

ನಂಜನಗೂಡಿನ ಕಡೆಯ ನಮ್ಮ ಶಾಲೆಯಲ್ಲಿ ಮೇಷ್ಟ್ರದೊಂದು ವ್ರತವಿತ್ತು. ಉತ್ತರವನ್ನು ಅವರು ಹೇಳರು. ನಾವೇ ವಾದಿಸಿ, ಕೈ ಎತ್ತಿ ತೀರ್ಮಾನಿಸಬೇಕು. ಗೆದ್ದದ್ದನ್ನು ಬೋರ್ಡಿನ ಮೇಲೆ ಬರೆಯುವರು. "ಮೇಷ್ಟ್ರು ಪಾಠಾನೇ ಮಾಡಲ್ಲ" ಎಂದು ಯಾರೋ ದೂರು ಕೊಟ್ಟರು. ವರ್ಗಾವಣೆಯ ಮಾತೂ ಎದ್ದಿತು. ಅದನ್ನು ವಿಚಾರಿಸಲು ಶಿಕ್ಷಣ ಇಲಾಖೆಯಿಂದ ಬಂದ ಸಾಹೇಬರು ಹಿಂದಿನ ಬೆಂಚಿನಲ್ಲಿ ಕುಳಿತ ದಿನ ನಮ್ಮ ಮುಂದಿದ್ದ ಪ್ರಶ್ನೆ: ಮೂರರಲ್ಲೊಂದು ಪಾಲು ದೊಡ್ಡದೋ, ನಾಲ್ಕರಲ್ಲೊಂದೋ?

ನಾನು ಎದ್ದೆ. "ಸಭಾಧ್ಯಕ್ಷರೇ, ಘನ ನಿರ್ಣಾಯಕರೇ..."

"ಕೂತ್ಕಳ್ಲಾ," ಎಂದ ನನ್ನ ಪಕ್ಕದ ಬಸವ. "ಮೂರು ದೊಡ್ದೋ, ನಾಕು ದೊಡ್ದೋ? ಅಷ್ಟೂ ತಿಳಿಯಕಿಲ್ವಾ?"

ನೀವೇ ಹೇಳಿ, ಇಂಥ ವಾದಕ್ಕೆ ಏನು ಉತ್ತರ? ನನ್ನೊಬ್ಬನನ್ನು ಬಿಟ್ಟು ಇಡೀ ತರಗತಿ ಬಸವನಿಗೆ ಕೈ ಎತ್ತಿತು. ನಾಲ್ಕರಲ್ಲೊಂದೇ ದೊಡ್ಡದು ಎಂದು ಮೇಷ್ಟ್ರು ಮುತ್ತಿನಂಥ ಅಕ್ಷರಗಳಲ್ಲಿ ಬರೆದರು.

ಸಾಹೇಬರು ತಡೆಯಲಾರದೆ, "ಏನ್ರೀ ಮೇಷ್ಟ್ರೇ ಇದು?" ಎಂದರು.

"ಚರ್ಚೆ ಇನ್ನೂ ಮುಗಿದಿಲ್ಲ ಸಾರ್. ತಾವೂ ಮಾತಾಡಬಹುದು. ಕೈ ಎತ್ತಬೇಕು ಅಷ್ಟೆ."

ಸಾಹೇಬರು ಎತ್ತಿಯೇಬಿಟ್ಟರು! "ಛೇದ ಹೆಚ್ಚಾದಂತೆ ಭಿನ್ನರಾಶಿಯ ಬೆಲೆ..."

"ನಮ್ಗೆ ಅರ್ಥ ಆಗಂಗೆ ಯೋಳಿ ಸಾ," ಎಂದ ಬಸವ.

ಮತ್ತೆ ಮತ. ಸರಿಯುತ್ತರಕ್ಕೆ ಎದ್ದದ್ದು ನನ್ನ ಕೈ, ಸಾಹೇಬರ ಕೈ. ನನ್ನ ಪಕ್ಷಕ್ಕೆ ಅಷ್ಟು ದೊಡ್ಡ ಮನುಷ್ಯರು ಹಿಂದೆಂದೂ ಸೇರಿರಲಿಲ್ಲ. ಹೆಮ್ಮೆಯಿಂದ ಅವರತ್ತ ನೋಡಿ ನಕ್ಕೆ. ಅವರು ನಗಲಿಲ್ಲ. ಮೇಷ್ಟ್ರ ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡಿತ್ತು. ಒಂದೇ ಒಂದು ಮಾತು ಸಾಕಿತ್ತು. ಆಡಲಿಲ್ಲ.

ಆಗ ಬಸವನ ಪಕ್ಕದ ಮನೆಯ ಹುಡುಗಿ, ಚಿಕ್ಕತಾಯಿ ಅಂತ, ಎದ್ದಳು. ವರ್ಷವಿಡೀ ಹಾಜರಿಗೆ ಬಿಟ್ಟರೆ ಬಾಯಿ ತೆಗೆಯದವಳು.

"ಸಾ, ನಮ್ಮನೇಲಿ ಒಂದೇ ಒಬ್ಬಟ್ಟು ಉಳುದ್ರೆ ನಾವು ಮೂರ್ ಜನ ಮಕ್ಳು ಮುರ್ಕತೀವಿ. ಈ ಬಸವ ಬಂದ್ರೆ ನಾಕ್ ಪಾಲು. ಅದ್ಕೇ ಇವ್ನು ಬಂದೇಟ್ಗೆ ಅವ್ವ ಡಬ್ಬಿ ಮುಚ್ಬುಡ್ತದೆ."

"ಔದು ಸಾ, ಮುಚ್ತಾರೆ!" ಎಂದು ಬಸವನೇ ಮೊದಲು ಕೈ ಎತ್ತಿದ. ತರಗತಿಯೆಲ್ಲ ಅವನ ಹಿಂದೆ. ಸಾಹೇಬರೂ ನಕ್ಕರು, ವರ್ಗಾವಣೆಯ ಮಾತು ಅಲ್ಲಿಗೇ ನಿಂತಿತು.

ಈಗ ನಾನೂ ಹೆಮ್ಮಿಗೆ ಕಡೆಯ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ಮಕ್ಕಳು ತಪ್ಪಿದ ಕೂಡಲೇ ನನ್ನ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಅದನ್ನು ಮುಚ್ಚುವ ವಿದ್ಯೆ ಯಾವ ಸ್ಪರ್ಧೆಯಲ್ಲೂ ಕಲಿಸಲಿಲ್ಲ. ಆದ್ದರಿಂದ ಸನ್ಮಾನ ಮುಗಿದ ಮೇಲೆ ಮೇಷ್ಟ್ರ ಪಕ್ಕ ಕುಳಿತು, ವಾದಕ್ಕಲ್ಲ, ನಿಜಕ್ಕೂ ತಿಳಿಯಬೇಕೆಂದು ಕೇಳಿದೆ:

"ಸಾ, ಅವತ್ತು ಚಿಕ್ಕತಾಯಿ ಏಳೋಕೆ ಮುಂಚೆ ಬೆಲ್ ಹೊಡೆದುಬಿಟ್ಟಿದ್ರೆ, ಆಗಲೂ ಸುಮ್ಮನೇ ಇರ್ತಿದ್ರಾ?"