ಬೈರಿಗೆಗೆ ಉಡಿಸಿದ ಹೊಸ ಬಟ್ಟೆ

ಮೊನ್ನೆ ಮೊಮ್ಮಗ ಯಾವುದೋ ಯಂತ್ರದ ಭಾಗಗಳನ್ನು ಸೀಮೆಎಣ್ಣೆಯ ಬೋಗುಣಿಯಲ್ಲಿ ನೆನೆಹಾಕಿ ಹಿತ್ತಲ ಕಟ್ಟೆಯ ಮೇಲಿಟ್ಟಿದ್ದ. ಅಡುಗೆಮನೆಯವರೆಗೂ ಅದರದೇ ವಾಸನೆ. ಎರಡು ಮಾತು ಬೈದೇ ಬರೋಣವೆಂದು ಎದ್ದು ಹೋದವಳು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಹುಣಸೂರಿನ ನಮ್ಮ ಹಳೆಯ ಕುಲುಮೆಮನೆ, ಪಕ್ಕದ ಮನೆಯ ಚಿನ್ನದ ಕೆಲಸದ ಆಚಾರ್ರು, ಅವರ ಮುಂದೆ ಬಾಳೆಲೆಯ ಮೇಲೆ ಹರಡಿದ್ದ ಕಬ್ಬಿಣದ ಚೂರುಗಳು...

ನಾನು ಮದುವೆಯಾಗಿ ಹುಣಸೂರಿಗೆ ಬಂದ ಹೊಸತು. ಮಹಾರಾಜರ ಕಾಲ, ದೂರದಲ್ಲೆಲ್ಲೋ ಯುದ್ಧ ನಡೆದಿತ್ತು. ಕಾಕನಕೋಟೆ ಕಾಡಿನಿಂದ ಮರ ಸಾಗಿಸುವ ಗಾಡಿಗಳ ಕಬ್ಬಿಣದ ಪಟ್ಟಿಗೆ ತೂತು ಕೊರೆಯುವುದು ನಮ್ಮ ಯಜಮಾನರ ಕಸುಬು. ತೀರಿಹೋದ ನಮ್ಮ ಮಾವನವರು ಅದಕ್ಕೆಂದೇ ತಂದಿಟ್ಟ ವಿಲಾಯಿತಿ ಬೈರಿಗೆ ಯಂತ್ರವಿತ್ತು. ಕೈಯಿಂದ ಚಕ್ರ ತಿರುಗಿಸಿದರೆ ಬೈರಿಗೆಯ ಮೊನೆ ಕಬ್ಬಿಣ ಕೊರೆಯುತ್ತಾ ಇಳಿಯುವುದು. ಆ ಮೊನೆಯನ್ನು ಕಚ್ಚಿ ಹಿಡಿಯುವ ಮೂರು ದವಡೆಯ ಬಾಯಿಗೆ ಚಕ್ಕು ಅನ್ನುತ್ತಿದ್ದರು. ಅದನ್ನು ಬಿಗಿ ಮಾಡಲು, ಸಡಿಲಿಸಲು ಹಲ್ಲುಹಲ್ಲಿನ ಒಂದು ಪುಟ್ಟ ಕೀಲಿ. ಅದಿಲ್ಲದಿದ್ದರೆ ಇಡೀ ಯಂತ್ರ ದಂಡಕ್ಕೆ.

ಆ ವರ್ಷ ಆಯುಧಪೂಜೆಯ ಮಾರನೆಯ ದಿನ ನಮ್ಮ ಅತ್ತೆ ಬಾಡಿದ ಹೂವನ್ನೆಲ್ಲ ಮೊರಕ್ಕೆ ಬಾಚಿಕೊಂಡು ಹೋಗಿ ಲಕ್ಷ್ಮಣತೀರ್ಥಕ್ಕೆ ಬಿಟ್ಟು ಬಂದರು. ಪೂಜೆಯ ಹೂವನ್ನು ಕಂಡಕಂಡಲ್ಲಿ ಎಸೆಯುವುದುಂಟೇ? ಹೂವಿನ ರಾಶಿಯೊಳಗೆ, ಪೂಜೆಗಿಟ್ಟಿದ್ದ ಆ ಕೀಲಿಯೂ ಸೇರಿಕೊಂಡು ಹೊಳೆಯ ಪಾಲಾಯಿತು.

ನಮ್ಮ ಯಜಮಾನರು ಒಳ್ಳೆಯವರೇ. ಆದರೆ ಕೋಪ ಬಂದರೆ ಹಿಂದೂ ಇಲ್ಲ, ಮುಂದೂ ಇಲ್ಲ. "ಊವಿನ್ ಜೊತೆ ನನ್ ಅನ್ನಾನೂ ಒಳೇಗ್ ಬುಟ್ಟಲ್ಲವ್ವಾ! ಇನ್ಮ್ಯಾಲೆ ಕುಲುಮೆ ಒಸ್ಲು ದಾಟ್ಬೇಡ ನೀನು" ಅಂದುಬಿಟ್ಟರು. ಗಂಡ ಕಟ್ಟಿದ ಕುಲುಮೆಗೆ ದಿನಾ ಸಂಜೆ ದೀಪ ಹಚ್ಚುತ್ತಿದ್ದ ಹೆಂಗಸು ಅವರು. ಅವತ್ತಿನಿಂದ ದೀಪ ಹಿಡಿದುಕೊಂಡು ಅಂಗಳದವರೆಗೆ ಬರುವುದು, ನಿಲ್ಲುವುದು, ಹಿಂದಿರುಗುವುದು. ಊಟವೂ ಅಷ್ಟಕ್ಕಷ್ಟೇ. ನನಗೆ ನೋಡಲಾಗುತ್ತಿರಲಿಲ್ಲ, ಆದರೆ ಹೊಸ ಸೊಸೆಯ ಮಾತಿಗೆ ಆ ಮನೆಯಲ್ಲಿ ಏನು ಬೆಲೆ?

ಮೈಸೂರಿಗೆ ಹೋಗಿ ಯಜಮಾನರು ಒಂದು ಕೀಲಿ ತಂದರು. ಅದರ ಮೂತಿ ದಪ್ಪ, ನಮ್ಮ ಚಕ್ಕಿನ ತೂತಿಗೆ ಇಳಿಯಲೇ ಇಲ್ಲ. ಅಂಗಡಿಯವನು ಹಡಗೇ ಬರುತ್ತಿಲ್ಲ, ಯುದ್ಧ ಮುಗಿಯಲಿ ಅಂದನಂತೆ. ರೋಸಿಹೋಗಿ ಉಳಿ ಸುತ್ತಿಗೆ ಹಿಡಿದು ಚಕ್ಕನ್ನು ಬಡಿದು ತಿರುಗಿಸಲು ಹೊರಟರು. ಸದ್ದು ಕೇಳಿ ಆಚಾರ್ರು ಗೋಡೆಯಾಚೆಯಿಂದ ಓಡಿ ಬಂದರು.

"ನಿಲ್ಸ್ಲಾ! ಚಕ್ಕಿನ್ ಅಲ್ಲು ಉದುರೋದ್ರೆ ಆಮ್ಯಾಕೆ ಕೀಲಿ ಸಿಕ್ಕಿ ಏನ್ ಮಾಡ್ತೀಯಾ, ತಲೆ ಕೆರ್ಕೊಂತೀಯಾ?"

ಒಡವೆಗೆ ಮಾಡುವ ಹಾಗೆಯೇ ಅರಗನ್ನು ಬೆಚ್ಚಗೆ ಮಾಡಿ ಚಕ್ಕಿನ ಹಲ್ಲಿಗೂ ತೂತಿಗೂ ಒತ್ತಿ ಅಚ್ಚು ತೆಗೆದುಕೊಂಡರು. ಮೊದಲು ಹಿತ್ತಾಳೆಯಲ್ಲಿ ಕೀಲಿ ಮಾಡಿದರು. ಒಂದು ತಿರುವಿಗೇ ಅದರ ಹಲ್ಲು ಮಡಚಿಕೊಂಡಿತು. ನಮ್ಮವರ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. ಆಚಾರ್ರು ಮಾತ್ರ ನಕ್ಕರು. "ಚಿನ್ನದೋನ್ ಕೈ ನೋಡು, ಮೆತ್ತಗಿರದ್ನೇ ಉಡುಕ್ಕೊಂಡ್ ಓಯ್ತದೆ." ಮತ್ತೆ ಕಬ್ಬಿಣ ಉಜ್ಜುವ ಸವೆದ ಅರವೊಂದನ್ನು ಬೆಂಕಿಯಲ್ಲಿ ಮೆತ್ತಗೆ ಮಾಡಿ, ಹಲ್ಲು ಕೊರೆದು, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿದರು. ಅದು ಕರಾರುವಾಕ್ಕಾಗಿ ಕೂತಿತು. ಆದರೂ ಚಕ್ಕು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಆಗ ಚಕ್ಕನ್ನೇ ಕಳಚಿ ಬಿಚ್ಚಿದರು. ಮೂರು ದವಡೆಗೂ ಅದರದರದೇ ಜಾಗ, ಅದಲು ಬದಲಾದರೆ ಕೆಟ್ಟಿತು ಅನ್ನುತ್ತಾ ಒಂದೊಂದನ್ನೂ ಬಾಳೆಲೆಯ ಮೇಲೆ ದೂರದೂರ ಇಟ್ಟರು. ಒಳಗೆ ನೋಡಿದರೆ ಕೆಂಪು ಹೆಂಟೆ! ವರ್ಷವರ್ಷವೂ ಪೂಜೆಯಲ್ಲಿ ಅತ್ತೆ ಭಕ್ತಿಯಿಂದ ಯಂತ್ರದ ಬಾಯಿಗೇ ಮೆತ್ತುತ್ತಿದ್ದ ಕುಂಕುಮ, ಯಂತ್ರಕ್ಕೆ ಬಿಡುತ್ತಿದ್ದ ಹರಳೆಣ್ಣೆಯ ಜೊತೆ ಸೇರಿ ಅಂಟಾಗಿ ಗಟ್ಟಿಕಟ್ಟಿತ್ತು. ಯಜಮಾನರ ಹುಬ್ಬು ಮೇಲೇರಿತು. ಇನ್ನು ಅತ್ತೆಯ ಗತಿ?

ಆಚಾರ್ರು ಕೂತಲ್ಲಿಂದಲೇ ದನಿ ತಗ್ಗಿಸಿ ಗದರಿದರು. "ಕುಂಕುಮ ಅಂತ ಬಾಯ್ಬುಟ್ಟೀಯಾ ಜೋಕೆ. ಕೀಲಿ ಓಯ್ತು ಅಂತ ಎತ್ತವ್ವನ್ನೇ ಒರಗ್ ನಿಲ್ಸಿದ್ದೀಯ. ಇದೂ ಗೊತ್ತಾದ್ರೆ ಆ ಜೀವ ದೀಪ ಅಚ್ಚೋದೇ ಬುಟ್ಬುಡ್ತದೆ ಕಣ್ಲಾ."

ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಜೋಡಿಸಿದ ಮೇಲೆ ಅತ್ತೆಯನ್ನು ಕೂಗಿದರು. "ಬಾರಕ್ಕ, ನೋಡು. ಒಳೀಕೆ ಬರೀ ತುಕ್ಕು ತುಂಬಿತ್ತು. ಮಳೆಗಾಲದ್ ತಂಡಿ ಕಣಕ್ಕ." ಅತ್ತೆ ಹೊಸಿಲಾಚೆಯೇ ನಿಂತಿದ್ದರು. ನಮ್ಮ ಯಜಮಾನರು ಸೀದಾ ಹೋಗಿ ಅವರ ಕೈ ಹಿಡಿದು ಒಳಗೆ ಕರೆತಂದರು. "ಬಾರವ್ವ. ದೀಪ ಅಚ್ಚು." ಅಷ್ಟೇ ಮಾತು. ಅತ್ತೆ ಅತ್ತರು, ನಾನೂ ಅತ್ತುಬಿಟ್ಟೆ. ಆಚಾರ್ರು ಮಾತ್ರ ಏನೂ ಕಾಣದವರ ಹಾಗೆ ಕೈ ಒರೆಸಿಕೊಳ್ಳುತ್ತಿದ್ದರು.

ಮುಂದಿನ ಆಯುಧಪೂಜೆಗೆ ಆಚಾರ್ರು ಬೆಳಗ್ಗೆಯೇ ಬಂದರು, ಕೈಯಲ್ಲಿ ಅರಿಸಿನದಲ್ಲಿ ಅದ್ದಿ ಒಣಗಿಸಿದ ಬಟ್ಟೆ. "ಅಕ್ಕ, ಅಬ್ಬದ್ ದಿನ ನಾವೆಲ್ಲ ಒಸಾ ಬಟ್ಟೆ ಉಡ್ತೀವಿ. ಇದುಕ್ಕೂ ಉಡ್ಸದು ಬ್ಯಾಡ್ವಾ?" ಅನ್ನುತ್ತಾ ಚಕ್ಕಿನ ಬಾಯಿ ಮುಚ್ಚುವಂತೆ ಸುತ್ತಿ ಕಟ್ಟಿದರು. ಅತ್ತೆಗೆ ಹಿಗ್ಗೋ ಹಿಗ್ಗು. ಧಾರಾಳವಾಗಿ ಕುಂಕುಮ ಇಟ್ಟರು, ಬಟ್ಟೆಯ ಮೇಲೆ. ಆಚಾರ್ರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ನಾನು ಸೆರಗು ಬಾಯಿಗಿಟ್ಟುಕೊಂಡೆ.

ಅತ್ತೆ ಕೊನೆಯುಸಿರಿನ ತನಕ ಆ ಕುಲುಮೆಯಲ್ಲಿ ದೀಪ ಹಚ್ಚಿದರು. ನಿಜ ಅವರಿಗೆ ತಿಳಿಯಲೇ ಇಲ್ಲ. ಆಚಾರ್ರೂ ಹೋಗಿ ಬಹಳ ಕಾಲವಾಯಿತು. ಬಾಯಿಬಿಟ್ಟು ಒಂದು ದಿನವೂ ನಾನು ಅವರಿಗೆ ನಿಮ್ಮಿಂದ ಉಪಕಾರವಾಯಿತು ಅನ್ನಲಿಲ್ಲ. ಅಂದಿದ್ದರೆ, "ಓಗ್ ಕಣವ್ವ, ಕಾಪಿ ಕಾಸೋಗು" ಅನ್ನುತ್ತಿದ್ದರೇನೋ...

ನಮ್ಮಲ್ಲಿ ಕಂಡು ಒಬ್ಬರಿಂದೊಬ್ಬರು ಕಲಿತರು. ಈಗ ಹುಣಸೂರಿನ ನಮ್ಮ ಬೀದಿಯ ಯಾವ ಅಂಗಡಿಯಲ್ಲಿ ನೋಡಿದರೂ ಆಯುಧಪೂಜೆಗೆ ಯಂತ್ರಕ್ಕೆ ಅರಿಸಿನದ ಬಟ್ಟೆ ಸುತ್ತುತ್ತಾರೆ. ಈ ಸಲ ಎದುರುಮನೆಗೆ ಹೊಸದಾಗಿ ಬಂದ ಸೊಸೆಯೊಬ್ಬಳು ಇದೇಕೆ ಅಂತ ಕೇಳಿದಳು. "ಇಂದ್ಲೋರ್ ಕಾಲದಿಂದ ಬಂದಿರೋ ಪದ್ಧತಿ ಕಣಮ್ಮ" ಅಂದಳು ನಮ್ಮ ಮನೆಯ ಸೊಸೆ. ಆ ಹಿಂದಿನವರು ಒಬ್ಬರೇ ಒಬ್ಬರು. ನಮ್ಮ ಪಕ್ಕದ ಮನೆಯಲ್ಲೇ ಇದ್ದರು.