ಅರ್ಧ ಮೈದಾನದ ಹಾಲೇಶಣ್ಣ

ಹಾಲೇಶಣ್ಣನಿಗೆ ಮೈದಾನ ಅರ್ಧವೇ ಇತ್ತು. ಬ್ಯಾಟು ಹಿಡಿದು ನಿಂತರೆ ಬಲಗಡೆ ಎಲ್ಲಿ ಬೇಕಾದರೂ ಹೊಡೆಯುತ್ತಿದ್ದ. ಎಡಗಡೆಗೆ ಅಪ್ಪಿತಪ್ಪಿಯೂ ಹೊಡೆಯುತ್ತಿರಲಿಲ್ಲ. ಕಾಲಿಗೆ ಬಂದ ಚೆಂಡಿಗೂ ಒಂದು ಹೆಜ್ಜೆ ಸರಿದು, ಅದನ್ನು ಬಲಕ್ಕೇ ಅಟ್ಟುತ್ತಿದ್ದ. ಟೆನಿಸ್ ಬಾಲ್ ಟೂರ್ನಮೆಂಟುಗಳಲ್ಲಿ ಮೈಕು ಹಿಡಿದು ಕಾಮೆಂಟರಿ ಹೇಳುತ್ತಿದ್ದವನು ನಾನು. ಚನ್ನಗಿರಿ, ಹೊನ್ನಾಳಿ, ಜಗಳೂರು ಎಲ್ಲ ಕಡೆ ಆಟ ನೋಡಿದ್ದೇನೆ, ಅವನಂಥ ಬ್ಯಾಟ್ಸ್‌ಮನ್ ಇನ್ನೊಬ್ಬನನ್ನು ಕಂಡಿಲ್ಲ. ನಮ್ಮೂರಿನವನೆಂದು ಹೊಗಳುತ್ತಿದ್ದಾನೆ ಅಂದುಕೊಂಡರೆ ಅಂದುಕೊಳ್ಳಿ.

ಈ ಅರ್ಧಕ್ಕೆ ಕಾರಣ ನಮ್ಮೂರು ಗೋವಿನಕೋವಿಯ ಮೈದಾನ. ಮೈದಾನ ಅಂದರೆ ಬೀಳುಬಿದ್ದ ಒಂದು ತುಂಡು ನೆಲ, ಅದರ ಎಡಕ್ಕೆ ಹಾಲೇಶಣ್ಣನ ಅಕ್ಕ ಗಂಗಕ್ಕನ ಕಣ. ತಾಯಿಯಿಲ್ಲದ ತಮ್ಮನನ್ನು ಸಾಕಿ, ಹೊಲ ಮನೆ ಎರಡನ್ನೂ ತೂಗಿಸಿದವಳು ಆಕೆ. ಕಣದಲ್ಲಿ ಮೆಕ್ಕೆಜೋಳ ಹರವಿರುತ್ತಿತ್ತು. ಚೆಂಡು ಹುಡುಕಲು ಹೋಗಿ ನಾವು ಅದನ್ನು ತುಳಿದರೆ ಮುಗಿಯಿತು, ಕೂಗುತ್ತಾ ಬರುತ್ತಿದ್ದಳು.

"ರಾಶಿ ಅಂದ್ರೆ ಲಕ್ಷ್ಮಿ ಕಣ್ರೋ. ಲಕ್ಷ್ಮೀನ ತುಳಿದು ಆಡೋದು ಯಾತರ ಆಟ?"

ಹಾಲೇಶಣ್ಣನೇ ಕಾನೂನು ಮಾಡಿದ. ಕಣಕ್ಕೆ ಹೊಡೆದರೆ ಔಟು. ಸುಗ್ಗಿ ಇರಲಿ, ಬಿಡಲಿ, ಔಟು. ನಾವು ಗೊಣಗಿದೆವು, ಆಮೇಲೆ ಒಗ್ಗಿಕೊಂಡೆವು. ಅವನಿಗೆ ಮಾತ್ರ ಅದು ಮೈಗೇ ಹತ್ತಿಬಿಟ್ಟಿತು.

ಜಗಳೂರಿನ ಫೈನಲ್ಲಿನಲ್ಲಿ ಎದುರು ತಂಡದ ಬೌಲರ್ ಬಸವರಾಜ ಇದನ್ನು ಪತ್ತೆ ಹಚ್ಚಿ ಫೀಲ್ಡರುಗಳನ್ನೆಲ್ಲ ಬಲಕ್ಕೇ ನಿಲ್ಲಿಸಿದ. "ಎಡಗಡೆ ಕುರಿ ಮೇಯಾಕೆ ಬಿಡಬೌದು, ಬಲಗಡೆ ಸಂತೆ ನೆರೆದೈತೆ" ಎಂದು ನಾನು ಮೈಕಿನಲ್ಲಿ ಕಿಚಾಯಿಸಿದೆ. ಆ ಸಂತೆಯ ಸಂದುಗೊಂದಿನಲ್ಲೇ ದಾರಿ ಮಾಡಿಕೊಂಡು ಹಾಲೇಶಣ್ಣ ಶತಕ ಹೊಡೆದ. ಸೋತ ಬಸವರಾಜನೇ ಅವನನ್ನು ಎತ್ತಿ ಕುಣಿಸಿದ. ಬಸ್ಸಿನಲ್ಲಿ ಗೆದ್ದ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಹಾಲೇಶಣ್ಣ ಹೇಳಿದ, "ಲೆದರ್ ಬಾಲಿನಾಗೆ ಜಿಲ್ಲಾ ಟೀಮಿಗೆ ಒಂದ್ಸಲ ಆಡಿಬಿಟ್ರೆ ಸಾಕು ಕಣೋ, ಮತ್ತೇನೂ ಬ್ಯಾಡ."

ಆಯ್ಕೆಗೆ ದಾವಣಗೆರೆಗೆ ಹೋದಾಗ ಜೊತೆಗೆ ನಾನೂ ಇದ್ದೆ. ಬಸವರಾಜನೂ ಬಂದಿದ್ದ. ವೇಗದ ಬೌಲರುಗಳು ಕಾಲಿಗೇ ಹಾಕಿದರು. ಸರಿಯಲು ಪುರುಸೊತ್ತಿಲ್ಲ, ಎಡಕ್ಕೆ ತಿರುಗಿಸಿದರೆ ಬೌಂಡರಿ. ಹಾಲೇಶಣ್ಣ ಬ್ಯಾಟು ಎತ್ತುತ್ತಿದ್ದ, ಮತ್ತೆ ಇಳಿಸಿ ಸುಮ್ಮನೆ ತಡೆಯುತ್ತಿದ್ದ. ಅವನ ಹೆಸರು ಕೂಗಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ನನಗೆ ಅಂದ, "ಹೊಡಿಯಾಕೆ ಕೈ ಎತ್ತೀನಿ, ಅಕ್ಕ ಅಲ್ಲೇ ಕಣದಾಗೆ ನಿಂತಂಗೆ ಕಾಣ್ತಾಳೆ. ಏನ್ ಮಾಡ್ಲಿ? ಇದನ್ನ ಅವಳ ಮುಂದೆ ಅಂದೀಯ, ಜೋಕೆ!" ಮನೆಗೆ ಬಂದವನು, "ಆ ಚೆಂಡು ನಂಗೆ ಒಗ್ಗಲಿಲ್ಲಕ್ಕ" ಎಂದು ನಕ್ಕು ಊಟಕ್ಕೆ ಕೂತ. "ಹೋಗ್ಲಿ ಬಿಡು, ಹೊಲ ಐತಲ್ಲ" ಎಂದು ಅವಳು ರೊಟ್ಟಿ ಹಾಕಿದಳು. ಆಮೇಲೂ ತಲೆ ನರೆಯುವವರೆಗೆ ಊರೂರು ಸುತ್ತಿ ಆಡಿದ, ಎಷ್ಟೋ ಕಪ್ಪು ಗೆದ್ದ. ಜಿಲ್ಲಾ ಟೀಮಿನ ಮಾತು ಮತ್ತೆ ಎತ್ತಲಿಲ್ಲ.

ಹೋದ ವರ್ಷ ಸುಗ್ಗಿಗೆ ಮುಂಚೆ ಎದೆನೋವೆಂದು ಬದುವಿನ ಮೇಲೆ ಕೂತವನು ಏಳಲಿಲ್ಲ. ನನ್ನ ಹಾಲೇಶಣ್ಣ ಹೋಗಿಬಿಟ್ಟ. ಇಷ್ಟು ಸಣ್ಣ ವಾಕ್ಯ ಬರೆಯಲು ನನಗೆ ಒಂದು ವರ್ಷ ಹಿಡಿಯಿತು.

ತಿಥಿಯ ದಿನ ಬಸವರಾಜ ಜಗಳೂರಿನಿಂದ ಬಂದು ಕಣ್ಣೊರೆಸಿಕೊಳ್ಳುತ್ತಾ ಗಂಗಕ್ಕನ ಎದುರು ಕೂತ. "ಅಕ್ಕಾರೆ, ದಾವಣಗೆರೆಯಾಗೆ ಎಡಗಡೆ ಒಂದೆರಡು ಹೊಡೆದಿದ್ರೆ ಜಿಲ್ಲಾ ಟೀಮಿನಾಗೆ ಇರ್ತಿದ್ದ. ಯಾಕೆ ಹೊಡೀಲಿಲ್ಲ ಅಂತ ಇವತ್ತಿಗೂ ತಿಳೀಲಿಲ್ರೀ" ಅಂದ. ಪಾಪ, ಅವನಿಗೇನು ಗೊತ್ತು.

ಗಂಗಕ್ಕ ನನ್ನ ಕಡೆ ತಿರುಗಿದಳು. "ನಮ್ ಕಣ ಎಡಕ್ಕಲ್ವೇನೋ?"

ನಾನು ಬಸವರಾಜನಿಗೆ ನೀರು ತರುವ ನೆವದಲ್ಲಿ ಎದ್ದೆ. ಅವಳಿಗೆ ಉತ್ತರ ಸಿಕ್ಕಿತು.

ಆ ಸುಗ್ಗಿಯಲ್ಲಿ ಗಂಗಕ್ಕ ಮೆಕ್ಕೆಜೋಳವನ್ನು ರಸ್ತೆಯ ಮೇಲೆ ಹರವಿದಳು. ಕಣವನ್ನು ಮಾತ್ರ ಸಗಣಿ ಹಾಕಿ ಸಾರಿಸಿ, ಖಾಲಿ ಬಿಟ್ಟು, ಅಂಚಿನಲ್ಲಿ ಕೂತಳು. ಈಗಿನ ಹುಡುಗರು ಆಡುತ್ತಿದ್ದರು. ಅವರೂ ಹಾಲೇಶಣ್ಣನ ಕಾನೂನಿನಲ್ಲೇ ಬೆಳೆದವರು.

"ಈ ಕಡಿಗೆ ಹೊಡೀರೋ!" ಎಂದು ಕೂಗಿದಳು. ಅವರು ಮುಖ ಮುಖ ನೋಡಿಕೊಂಡು ಬಲಕ್ಕೇ ಹೊಡೆದರು. "ಹೊಡೀರೋ, ನಿಮ್ಮ ದಮ್ಮಯ್ಯ" ಎಂದು ಅಂಗಲಾಚಿದಳು. ಕೊನೆಗೆ ಒಬ್ಬ ಅಳುಕುತ್ತಲೇ ಎಡಕ್ಕೆ ತಿರುಗಿಸಿದ. ಚೆಂಡು ಉರುಳಿ ಬಂದು ಕಣದ ನಡುವೆ ನಿಂತಿತು. ಹುಡುಗ ಅಭ್ಯಾಸಬಲದಿಂದ ಬ್ಯಾಟು ಕಂಕುಳಿಗೆ ಸಿಕ್ಕಿಸಿಕೊಂಡು ಹೊರನಡೆದ.

ಗಂಗಕ್ಕ ಚೆಂಡನ್ನೆತ್ತಿ ಸೆರಗಿನಲ್ಲಿ ಒರೆಸಿದಳು.

"ಔಟಲ್ಲ ಕಣೋ, ಹಾಲೇಶ" ಅಂದಳು. "ಔಟಲ್ಲ. ಬಾ, ಆಡು ಬಾ."