ಮಂಜಿನ ಅಂಚಿನಲ್ಲಿ ಒಂದು ಜೊತೆ ಚಪ್ಪಲಿ

ಆಸ್ಟಿನ್‌ನಿಂದ ಡಾಲಸ್‌ಗೆ ಹೊರಟಾಗ ಮಾವ ಕೇಳಿದ್ದು ಒಂದೇ. ಅಲ್ಲಿ ದೊಡ್ಡ ತಂಡವೊಂದು ಐಸ್ ಮೇಲೆ ಹಾಕಿ ಆಟ ಅಭ್ಯಾಸ ಮಾಡುವುದನ್ನು ಯಾರು ಬೇಕಾದರೂ ನೋಡಬಹುದಂತೆ, ನೋಡಬೇಕು. ಮಾವ ಅಮ್ಮನ ತಮ್ಮ; ಮೈಸೂರಿನ ಕಾಲೇಜು ತಂಡದಲ್ಲಿ ಹಾಕಿ ಆಡಿದವರು. ಈಚೆಗೆ ನೆನಪು ಕೈಕೊಡುತ್ತಿತ್ತು. ಒಬ್ಬರನ್ನೇ ಬಿಡಬೇಡ ಎಂದು ಅಮ್ಮ ಫೋನಿನಲ್ಲಿ ಎಚ್ಚರಿಸಿದ್ದಳು.

ಹೊರಗೆ ಸುಡುವ ಬಿಸಿಲು. ಕ್ರೀಡಾಂಗಣದೊಳಗೆ ಬೆಳ್ಳಗಿನ ಐಸ್, ಸುತ್ತ ಗಾಜಿನ ಗೋಡೆ, ಅದಕ್ಕೆ ಒಬ್ಬರನ್ನೊಬ್ಬರು ತಳ್ಳುವ ಆಟಗಾರರು.

“ಇದೇನೇ, ಹಾಕಿನೋ ಕುಸ್ತಿನೋ?” ಮಾವ ನಕ್ಕರು. “ನಾವು ಹಿಂಗೆ ತಳ್ಳಿದ್ರೆ ಅಂಪೈರ್ ಆಚೆ ಕಳಿಸ್ತಿದ್ದ.”

ಅಭ್ಯಾಸ ಮುಗಿದು ಆಟಗಾರರು ಒಳಹೋದರು. ನಾನು ಕಾಫಿ ತಂದಾಗ ಮಾವ ಸೀಟಿನಲ್ಲಿರಲಿಲ್ಲ. ಕೆಲಸದವರು ಹಿಂದಿನ ದೊಡ್ಡ ಬಾಗಿಲು ತೆರೆದಿಟ್ಟಿದ್ದರು. ಬಿಸಿ ಗಾಳಿ ನುಗ್ಗಿ ಐಸ್ ಮೇಲೆ ಸೊಂಟದೆತ್ತರ ಮಂಜು ಎದ್ದಿತ್ತು. ಗಾಜಿನ ಗೋಡೆಯ ಸಣ್ಣ ಬಾಗಿಲೂ ತೆರೆದಿತ್ತು. ಅದರೆದುರು ಮಾವನ ಚಪ್ಪಲಿ, ಒಂದರ ಪಕ್ಕ ಒಂದು, ಮಂಜಿನತ್ತ ಮುಖಮಾಡಿ.

ಕೆರೆಯ ದಂಡೆಯಲ್ಲಿ ಹಾಗೆ ಬಿಟ್ಟ ಚಪ್ಪಲಿ ಕಂಡರೆ ನಮ್ಮ ಕಡೆ ಯಾರೂ ಮಾತಾಡುವುದಿಲ್ಲ, ನೀರನ್ನೇ ನೋಡುತ್ತಾರೆ. ನಾನೂ ಹಾಗೇ ನಿಂತೆ.

ಆಚೆ ತುದಿಯಿಂದ ಐಸ್ ನಯ ಮಾಡುವ ಯಂತ್ರ ಹೊರಟಿತು. ಮಂಜಿನ ಮೇಲೆ ಅದರ ದೀಪ, ಚಾಲಕನ ತಲೆ ಮಾತ್ರ ಕಾಣುತ್ತಿತ್ತು.

“ಮಾವಾ!”

ಕಾಫಿ ಕೆಳಗೆ ಬಿಟ್ಟೆ. ಎರಡೂ ಕೈಯಲ್ಲಿ ಗಾಜು ಬಡಿದೆ. ಯಂತ್ರ ನಿಂತಿತು. ಚಾಲಕ ನನ್ನ ಕಡೆ ನೋಡಲಿಲ್ಲ. ತನ್ನ ಮುಂದೆಯೇ ನೋಡುತ್ತಿದ್ದ.

ಯಂತ್ರದ ತೀರ ಮುಂದೆ, ಮಂಜಿನೊಳಗಿಂದ ಮಾವ ಮೆಲ್ಲಗೆ ಎದ್ದರು. ಬರಿಗಾಲು. ಬಲಗೈ ಕಣ್ಣಿನ ಮೇಲಿತ್ತು. ಆಟಕ್ಕಿಳಿಯುವ ಮುನ್ನ ಚಪ್ಪಲಿ ಆಚೆ ಬಿಟ್ಟು, ಮಂಡಿಯೂರಿ, ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಅವರ ತಂಡದ ರೂಢಿ ಎಂದು ಎಷ್ಟೋ ಸಲ ಹೇಳಿದ್ದರು.

ಜಾರುತ್ತ ಹೋಗಿ ತೋಳು ಹಿಡಿದೆ. “ಬನ್ನಿ ಮಾವ, ಆಟ ಮುಗೀತು.”

“ಮುಗೀತಾ? ಮತ್ತೆ ನಮ್ ಗೋಲ್‌ಕೀಪರ್ ಯಾಕೆ ಅಲ್ಲೇ ನಿಂತಿದಾನೆ? ಅವನನ್ನೂ ಕರಿ.”

ಅವರು ಬೆರಳು ಮಾಡಿದ ಕಡೆ ಗೋಲಿನ ಕಂಬಗಳನ್ನೂ ಆಗಲೇ ತೆಗೆದಾಗಿತ್ತು.

ನಾನು ಕರೆಯಲಿಲ್ಲ. ಗಾಜಿನ ಗೋಡೆಯಾಚೆ ಕೂರಿಸಿ ಚಪ್ಪಲಿ ತೊಡಿಸಿದೆ. ಪಾದ ನನ್ನ ಕೈಯಲ್ಲಿ ಕೊರೆಯುತ್ತಿತ್ತು. ಮಾವ ತಿರುಗಿ ಅತ್ತಲೇ ನೋಡುತ್ತಿದ್ದರು. ಯಂತ್ರ ಮತ್ತೆ ಹೊರಟು ಅವರು ತೋರಿಸಿದ್ದ ಜಾಗದತ್ತ ಸಾಗಿತು.

“ಅಯ್ಯೋ, ನಿಲ್ಸೇ!” ಎಂದು ಮಾವ ನನ್ನ ಭುಜ ಬಿಗಿಯಾಗಿ ಹಿಡಿದರು.

ಅಲ್ಲಿ ಯಾರೂ ಇಲ್ಲವೆಂದು ನನಗೆ ಗೊತ್ತಿತ್ತು. ಆದರೂ ಯಂತ್ರ ಅಲ್ಲಿಗೆ ತಲುಪುವ ಮುನ್ನ ಕಣ್ಣು ಮುಚ್ಚಿಕೊಂಡೆ.